ಹಾಲು ಹೊರುವ ಬೈಕು: ಸವೆದದ್ದನ್ನು ಗುರುತಿಸಿ, ಬದಲಿಸಿ, ಎಣಿಸಿ ಎತ್ತಿಡಿ



ದನದ ಡಾಕ್ಟರು ಬೈಕಿನ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಮೊದಲು ಕಾರಣ ಹೇಳಿ, ಆಮೇಲೆ ಪಾಠಕ್ಕೆ ಬರುತ್ತೇನೆ.

ಬಬಲೇಶ್ವರ ತಾಲ್ಲೂಕಿನ ಒಂದು ತೋಟದ ಮನೆಗೆ ಚಿಕಿತ್ಸೆಗೆ ಹೋಗಿದ್ದೆ. ಎಚ್.ಎಫ್. ಮಿಶ್ರತಳಿ ಆಕಳು, ಕರು ಹಾಕಿ ಎರಡು ತಿಂಗಳಾಗಿತ್ತು. ಒಂದೇ ವಾರದಲ್ಲಿ ಹಾಲು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಬೆನ್ನು ಗೂನು ಮಾಡಿ, ಮುಂಗಾಲಿನ ಮೊಣಕೈಗಳನ್ನು ಹೊರಗೆ ಚಾಚಿ ನಿಂತಿತ್ತು. ಗಂಗೆದೊಗಲು ನೀರು ತುಂಬಿದಂತೆ ಬಾತಿತ್ತು. ಏನೇ ಮಾಡಿದರೂ ಉಳಿಯಲಿಲ್ಲ. ಮರಣೋತ್ತರ ಪರೀಕ್ಷೆ ಮಾಡಿದಾಗ ಹೊಟ್ಟೆಯಿಂದ ಹೃದಯದ ಕಡೆಗೆ ಚುಚ್ಚಿಕೊಂಡು ಹೋಗಿದ್ದ ಎರಡು ಇಂಚಿನ ಉಕ್ಕಿನ ತಂತಿ ಸಿಕ್ಕಿತು. ಅದು ಬೈಕಿನ ಕ್ಲಚ್ ಕೇಬಲ್ಲಿನ ತುಂಡು. ಮಹಾನವಮಿಯ ಖಂಡೆಪೂಜೆಗೆ ಮುಂಚೆ ಮನೆಯವರು ಕೊಟ್ಟಿಗೆಯಲ್ಲೇ ಬೈಕು ನಿಲ್ಲಿಸಿ ಹಳೆಯ ಕೇಬಲ್ ಕತ್ತರಿಸಿ ತೆಗೆದಿದ್ದರು.

ಆ ತಾಯಿ ಕೇಳಿದರು: "ಡಾಕ್ಟ್ರ, ನಾ ಏನ್ ತಪ್ಪ ಮಾಡೀನ್ರಿ? ಹೊತ್ತಿಗೆ ಸರಿಯಾಗಿ ಹಿಂಡಿ ಹಾಕೀನಿ, ಕಣಕಿ ಹಾಕೀನಿ, ನೀರ ಕುಡಿಸೀನಿ."

ಅವರು ಏನೂ ತಪ್ಪು ಮಾಡಿರಲಿಲ್ಲ. ಕೇಬಲ್ ಬದಲಿಸಿದ್ದೂ ತಪ್ಪಲ್ಲ. ತೆಗೆದ ತುಂಡು ಎಲ್ಲಿ ಬಿತ್ತು ಎಂದು ಯಾರೂ ನೋಡಲಿಲ್ಲ, ಅಷ್ಟೇ. ಹಾಗಾಗಿ ಈ ಪಾಠದಲ್ಲಿ ಎರಡು ಭಾಗ. ಬೈಕಿನ ಯಾವ ಭಾಗ ಸವೆದಿದೆ ಎಂದು ಗುರುತಿಸಿ ಹೊತ್ತಿಗೆ ಬದಲಿಸುವುದು ಒಂದು. ತೆಗೆದದ್ದು ಆಕಳ ಹೊಟ್ಟೆಗೆ ಹೋಗದಂತೆ ನೋಡುವುದು ಇನ್ನೊಂದು.

ಬೈಕು ಯಾರದಾದರೂ ಹಾಲು ನಿಮ್ಮದು

ಟಿಕೋಟಾ, ಬಬಲೇಶ್ವರ ಭಾಗದಲ್ಲಿ ಹೆಚ್ಚಿನವರ ವಸ್ತಿ ಹೊಲದಲ್ಲಿ, ಸಂಘ ಊರಲ್ಲಿ. ಹಾಲು ಬೈಕಿನ ಮೇಲೆಯೇ ಹೋಗಬೇಕು. 40 ಲೀಟರ್ ಹಾಲು ಎಂದರೆ ಸುಮಾರು 41 ಕಿಲೋ. ಎರಡೂ ಬದಿಗೆ ಒಂದೊಂದು ಕ್ಯಾನ್ ಹಾಕಿದರೆ 80 ಕಿಲೋ ದಾಟುತ್ತದೆ, ಕ್ಯಾನಿನ ತೂಕ ಬೇರೆ. ಇಷ್ಟು ಭಾರ ದಿನಕ್ಕೆರಡು ಸಲ ಎರೆಹೊಲದ ದಾರಿಯಲ್ಲಿ ಹೋದರೆ ಚೈನು, ಬ್ರೇಕು, ಟೈರು ಬೇಗ ಸವೆಯುತ್ತವೆ.

ದಾರಿಯಲ್ಲಿ ಗಾಡಿ ಕೈಕೊಟ್ಟರೆ ಹಾಲೂ ಕೈಕೊಡುತ್ತದೆ. ಬೆಚ್ಚಗಿನ ಹಾಲಿನಲ್ಲಿ ಸೂಕ್ಷ್ಮಾಣುಗಳು ಅರ್ಧ ತಾಸಿಗೊಮ್ಮೆ ಇಮ್ಮಡಿಯಾಗಬಲ್ಲವು. ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಹಾಲು ಹುಳಿ ಹಿಡಿಯುವ ದಾರಿಯಲ್ಲಿರುತ್ತದೆ, ಸಂಘದಲ್ಲಿ ಕುದಿಸಿ ನೋಡುವಾಗ ಒಡೆಯಬಹುದು.

ನೀವೇ ಪಾನಾ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಕೆಚ್ಚಲು ಮುಟ್ಟಿದ ಕೂಡಲೇ ಯಾವ ಮೊಲೆ ಗಟ್ಟಿಯಾಗಿದೆ ಎಂದು ತಿಳಿಯುವ ಕೈ ನಿಮ್ಮದು. ಅದೇ ಕೈಗೆ ಸಡಿಲಾದ ಚೈನೂ ತಿಳಿಯುತ್ತದೆ. ಅಮಾವಾಸ್ಯೆಗೆ ಬೈಕು ತೊಳೆದು ನಿಂಬೆಹಣ್ಣು ಕಟ್ಟುವ ಮನೆಗಳು ಬಹಳ. ಅದೇ ದಿನ ಹತ್ತು ನಿಮಿಷ ಕೊಟ್ಟು ಕೆಳಗಿನ ಆರನ್ನು ನೋಡಿ. ತಿಂಗಳಿಗೊಮ್ಮೆ ತಪ್ಪದೆ ಆಗುತ್ತದೆ.

1. ಚೈನ್

ಎಂಜಿನ್ ಬಂದ್ ಮಾಡಿ, ಗೇರ್ ನ್ಯೂಟ್ರಲ್‌ಗೆ ತಂದು, ನಡು ಸ್ಟ್ಯಾಂಡ್ ಹಾಕಿ. ಚೈನ್ ಕವರಿನಲ್ಲಿ ನೋಡುವ ಕಿಂಡಿ ಇರುತ್ತದೆ, ಅದರ ರಬ್ಬರ್ ಮುಚ್ಚಳ ತೆಗೆದು ಬೆರಳಿನಿಂದ ಚೈನನ್ನು ಮೇಲೆ ಕೆಳಗೆ ಆಡಿಸಿ. ಸಾಮಾನ್ಯವಾಗಿ 100ರಿಂದ 125 ಸಿಸಿ ಗಾಡಿಗಳಲ್ಲಿ ಸುಮಾರು ಒಂದು ಇಂಚು ಆಡಿದರೆ ಸರಿ. ನಿಮ್ಮ ಗಾಡಿಯ ನಿಖರ ಅಳತೆ ಗಾಡಿಯ ಪುಸ್ತಕದಲ್ಲಿದೆ. ಗಾಲಿಯನ್ನು ಕೈಯಿಂದ ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕು ಕಡೆ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋತು ಬಿದ್ದಿದ್ದರೆ ಚೈನ್ ಒಂದೇ ಸಮನೆ ಸವೆದಿಲ್ಲ ಎಂದು ಅರ್ಥ. ಅದನ್ನು ಬಿಗಿ ಮಾಡಿ ಪ್ರಯೋಜನವಿಲ್ಲ.

ಇಲ್ಲಿ ಮೂರು ಮಾತು ನೆನಪಿಡಿ. ಚೈನ್ ಬದಲಿಸುವಾಗ ಮುಂದಿನ, ಹಿಂದಿನ ಎರಡೂ ಹಲ್ಲುಚಕ್ರ ಸೇರಿ ಪೂರ್ತಿ ಸೆಟ್ ಬದಲಿಸಿ. ಸವೆದ ಹಲ್ಲು ಕೊಕ್ಕೆಯಂತೆ ಬಾಗಿರುತ್ತದೆ, ಅದರ ಮೇಲೆ ಹೊಸ ಚೈನ್ ಹಾಕಿದರೆ ಹೊಸದೂ ಬೇಗ ಹಾಳು. ಎರಡನೆಯದು, ಉದ್ದವಾದ ಚೈನಿನ ಒಂದು ಕೊಂಡಿ ಕಿತ್ತು ಗಿಡ್ಡ ಮಾಡಿಸಬೇಡಿ. ಸವೆತ ಎಲ್ಲ ಕೊಂಡಿಗಳಲ್ಲೂ ಇರುತ್ತದೆ, ಒಂದನ್ನು ಕಿತ್ತರೆ ಉಳಿದವು ಹೊಸದಾಗುವುದಿಲ್ಲ. ಮೂರನೆಯದು ಚೈನ್ ಲಾಕ್. ಅದರ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು, ತೆರೆದ ತುದಿ ಹಿಂದಕ್ಕೆ.

ಇದರಲ್ಲಿ ನನ್ನದೇ ತಪ್ಪು ಒಂದಿದೆ. ಚೈನ್ ಕಟಕಟ ಅನ್ನುತ್ತಿದ್ದರೂ "ಮುಂದಿನ ವಾರ ನೋಡೋಣ" ಎಂದು ಒಂದು ತಿಂಗಳು ಓಡಿಸಿದೆ. ಟಿಕೋಟಾ ಕಡೆ ಕರು ಅಡ್ಡಾದ ಆಕಳೊಂದನ್ನು ನೋಡಲು ರಾತ್ರಿ ಹೊರಟಾಗ ಲಾಕ್ ಹಾರಿ ಚೈನ್ ಕಳಚಿತು. ಗಾಡಿ ನೂಕಿಕೊಂಡು ತಲುಪುವಷ್ಟರಲ್ಲಿ ಒಂದು ತಾಸು ತಡ. ಕರು ಉಳಿಯಿತು. ಆದರೆ ಆ ಒಂದು ತಾಸು ಆ ಮನೆಯವರು ಕಂದೀಲು ಹಿಡಿದು ದಾರಿಯಲ್ಲಿ ನಿಂತಿದ್ದರು. ಅಂದಿನಿಂದ ನಾನು ಮುಂದಿನ ವಾರ ಅನ್ನುವುದಿಲ್ಲ.

ಚೈನಿಗೆ 90 ನಂಬರಿನ ಗೇರ್ ಆಯಿಲ್ ಸಾಕು. ಎಂಜಿನ್ ಚಾಲೂ ಇಟ್ಟು, ಗೇರ್ ಹಾಕಿ ತಿರುಗುವ ಚೈನಿಗೆ ಎಣ್ಣೆ ಬಿಡಬೇಡಿ. ಸೆರಗು, ಬಳೆ, ಬೆರಳು ಯಾವುದು ಸಿಕ್ಕರೂ ಚೈನ್ ನಿಲ್ಲುವುದಿಲ್ಲ. ಗಾಲಿಯನ್ನು ಕೈಯಿಂದ ತಿರುಗಿಸಿಯೇ ಹಾಕಿ.

2. ಬ್ರೇಕ್ ಶೂ

ಡ್ರಮ್ ಬ್ರೇಕಿನ ಗಾಡಿಯಲ್ಲಿ ಬ್ರೇಕ್ ಸವೆದದ್ದನ್ನು ಗಾಲಿ ಬಿಚ್ಚದೆ ತಿಳಿಯಬಹುದು. ಗಾಲಿಯ ನಡುವಿನ ಡ್ರಮ್ ಪಕ್ಕದಲ್ಲಿ, ಬ್ರೇಕ್ ಕಡ್ಡಿ ಸೇರುವ ಜಾಗದಲ್ಲಿ ಒಂದು ಬಾಣದ ಗುರುತು, ತಟ್ಟೆಯ ಮೇಲೆ ಇನ್ನೊಂದು ಗುರುತು ಇರುತ್ತದೆ. ಒಬ್ಬರು ಬ್ರೇಕ್ ಪೂರ್ತಿ ಒತ್ತಲಿ, ಇನ್ನೊಬ್ಬರು ನೋಡಿ. ಬಾಣ ಗುರುತಿಗೆ ಮುಟ್ಟಿತೆಂದರೆ ಶೂ ಮುಗಿಯಿತು. ಇನ್ನು ನಟ್ ಬಿಗಿ ಮಾಡುವುದಲ್ಲ, ಎರಡೂ ಶೂ ಜೊತೆಯಾಗಿ ಬದಲಿಸುವುದು. ಭಾರದ ಕ್ಯಾನ್ ಹೊತ್ತ ಗಾಡಿ ನಿಲ್ಲಲು ಖಾಲಿ ಗಾಡಿಗಿಂತ ಹೆಚ್ಚು ದೂರ ಬೇಕು. ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ತುಳುಕಿ ಗಾಡಿಯನ್ನು ಇನ್ನಷ್ಟು ಎಳೆಯುತ್ತದೆ.

2019ರ ಏಪ್ರಿಲ್ ನಂತರದ 125 ಸಿಸಿವರೆಗಿನ ಹೆಚ್ಚಿನ ಗಾಡಿಗಳಲ್ಲಿ ಹಿಂದಿನ ಬ್ರೇಕ್ ತುಳಿದರೆ ಮುಂದಿನದೂ ಹಿಡಿಯುತ್ತದೆ. ಅಂಥ ಗಾಡಿಯ ಬ್ರೇಕನ್ನು ಮನೆಯಲ್ಲಿ ಬಿಗಿ ಮಾಡದೆ ಮೆಕ್ಯಾನಿಕ್ ಕಡೆ ಒಯ್ಯಿರಿ. ಚೈನ್ ಬಿಗಿ ಮಾಡಿಸಿದ ಮೇಲೆ ಹಿಂದಿನ ಬ್ರೇಕನ್ನೂ ನೋಡಿಸಿ, ಗಾಲಿ ಸರಿದರೆ ಬ್ರೇಕೂ ಬದಲಾಗುತ್ತದೆ. ಡ್ರಮ್ಮಿನೊಳಗಿನ ಕಪ್ಪು ಪುಡಿಯನ್ನು ಬಾಯಿಂದ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಅದು ಉಸಿರಿಗೆ ಕೆಟ್ಟದ್ದು.

3. ಟೈರ್

ಟೈರಿನ ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತದೆ. ಟೈರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಬದಲಿಸಲೇಬೇಕು. ಮಳೆಯಲ್ಲಿ ಎರೆಮಣ್ಣು ಮೆತ್ತಿದ ರಸ್ತೆಯಲ್ಲಿ ಅಂಥ ಟೈರ್ ಹಿಡಿಯುವುದಿಲ್ಲ. ಕೊಳ್ಳುವಾಗ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಓದಿ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರ ತಯಾರಾದದ್ದು ಎಂದು ಅರ್ಥ. ಬಹಳ ಹಳೆಯದಾದರೆ ಬೇರೆ ಕೇಳಿ. ಗಾಳಿ ಹಾಕಿಸುವಾಗ "ಹಿಂದೆ ಭಾರ ಇರತೈತಿ" ಎಂದು ಹೇಳಿ, ಭಾರಕ್ಕೆ ಎಷ್ಟು ಗಾಳಿ ಎಂದು ಪುಸ್ತಕದಲ್ಲಿ ಬೇರೆಯಾಗಿ ಬರೆದಿರುತ್ತದೆ.

4. ಕ್ಲಚ್ ಮತ್ತು ಬ್ರೇಕ್ ಕೇಬಲ್

ಹ್ಯಾಂಡಲಿನ ಹಿಡಿಕೆಯ ಬುಡದಲ್ಲಿ ನೋಡಿ. ಒಂದು ಎಳೆ ಕಿತ್ತು ಕೂದಲಿನಂತೆ ಎದ್ದಿದ್ದರೂ ಕೇಬಲ್ ಬದಲಿಸಿ. ಉಳಿದ ಎಳೆಗಳು ಒಂದೊಂದಾಗಿ ಹೋಗುತ್ತವೆ, ಕೊನೆಗೆ ದಾರಿಯಲ್ಲಿ ತುಂಡಾಗುತ್ತದೆ. ಈ ಎಳೆಗಳ ಮಾತು ಮುಂದೆ ಮತ್ತೆ ಬರುತ್ತದೆ.

5. ಏರ್ ಫಿಲ್ಟರ್ ಮತ್ತು ಎಂಜಿನ್ ಆಯಿಲ್

ದ್ರಾಕ್ಷಿ ತೋಟದ ಮಣ್ಣುದಾರಿಯಲ್ಲಿ ಓಡುವ ಗಾಡಿಗೆ ಧೂಳು ಹೆಚ್ಚು. ಹಾಗಾಗಿ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮುಂಚೆಯೇ ಫಿಲ್ಟರ್ ನೋಡಿಸಿ. ಎಣ್ಣೆ ಸವರಿದ ಕಾಗದದ ಫಿಲ್ಟರನ್ನು ತೊಳೆಯುವಂತಿಲ್ಲ, ಗಾಳಿ ಹೊಡೆಯುವಂತಿಲ್ಲ, ಬದಲಿಸಬೇಕು. ಆಯಿಲನ್ನು ಗಾಡಿ ಸಮತಟ್ಟಾಗಿ ನಿಲ್ಲಿಸಿ ಕಡ್ಡಿಯಿಂದ ನೋಡಿ. ಎರಡು ಗೆರೆಗಳ ನಡುವೆ ಇರಬೇಕು.

6. ಸೀರೆ ಗಾರ್ಡ್

ಇದು ಸವೆಯುವ ಭಾಗವಲ್ಲ, ನಾವೇ ಕಿತ್ತು ಹಾಕುವ ಭಾಗ. ಕ್ಯಾನ್ ತೂಗುಹಾಕಲು ಅಡ್ಡ ಬರುತ್ತದೆ ಎಂದು ಅನೇಕರು ಬಿಚ್ಚಿ ಅಟ್ಟಕ್ಕೆ ಎಸೆದಿದ್ದಾರೆ. ಹಿಂದೆ ಕೂತವರ ಬಟ್ಟೆ ಗಾಲಿಗೆ ಸಿಗದಂತೆ ಹಿಂಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮರೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಹೇಳುತ್ತದೆ. ಹಾಲು ಹಾಕಿ ಬರುವಾಗ ಹಿಂದಿನ ಸೀಟಿನಲ್ಲಿ ಕೂರುವವರು ನೀವು. ಸೆರಗು ಚಕ್ರಕ್ಕೆ ಸಿಕ್ಕರೆ ಕುತ್ತಿಗೆಯನ್ನೇ ಎಳೆಯುತ್ತದೆ. ಗಾರ್ಡ್ ಉಳಿಸಿಕೊಂಡೇ ಕ್ಯಾನಿನ ಕಬ್ಬಿಣದ ಚೌಕಟ್ಟು ಮಾಡಿಸಲು ವೆಲ್ಡಿಂಗ್‌ನವರಿಗೆ ಹೇಳಿ. ಗಾರ್ಡ್ ಮತ್ತೆ ಹಾಕಿಸುವವರೆಗೆ ಸೆರಗು, ವೇಲ್ ಸೊಂಟಕ್ಕೆ ಬಿಗಿದು ಕೂರಿ.

ತೆಗೆದ ಭಾಗ ಎಲ್ಲಿ ಹೋಗುತ್ತದೆ?

ಇನ್ನು ಪಾಠದ ಎರಡನೇ ಭಾಗ. ಆಕಳು, ಎಮ್ಮೆ ನಾಲಿಗೆಯಿಂದ ಮೇವು ಸುತ್ತಿ ಎಳೆದು ಹೆಚ್ಚು ಅಗಿಯದೆ ನುಂಗುತ್ತವೆ, ಮೆಲುಕು ಆಮೇಲೆ. ಆಡು ತುಟಿಯಿಂದ ಆರಿಸಿ ತಿನ್ನುತ್ತದೆ, ಆಕಳಿಗೆ ಆ ಆಯ್ಕೆ ಇಲ್ಲ. ಹೊಟ್ಟಿನಲ್ಲಿ ಬಿದ್ದ ತಂತಿ, ಮೊಳೆ, ಸ್ಪ್ಲಿಟ್ ಪಿನ್, ಚೈನ್ ಲಾಕ್ ಎಲ್ಲವೂ ಒಳಗೆ ಹೋಗುತ್ತವೆ. ಭಾರದ ವಸ್ತು ಜೇನುಗೂಡಿನಂಥ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಅದರ ಮುಂದೆಯೇ, ಒಂದು ತೆಳು ಪರದೆಯ ಆಚೆ, ಹೃದಯ. ಹೊಟ್ಟೆ ಹಿಚುಕಿದಂತೆಲ್ಲ ಚೂಪಾದ ತುದಿ ಮುಂದಕ್ಕೆ ಚುಚ್ಚುತ್ತದೆ. ಗಬ್ಬ ತುಂಬಿದಾಗ, ಕರು ಹಾಕುವಾಗ ಹೊಟ್ಟೆಯ ಒತ್ತಡ ಹೆಚ್ಚಿ ಅಪಾಯವೂ ಹೆಚ್ಚು.

ಲಕ್ಷಣಗಳು: ಹಠಾತ್ತನೆ ಹಾಲು ಇಳಿಯುವುದು, ಮೇವು ಬಿಡುವುದು, ಮೆಲುಕು ನಿಲ್ಲಿಸುವುದು, ಬೆನ್ನು ಗೂನು ಮಾಡುವುದು, ಏಳುವಾಗ ಅಥವಾ ಇಳಿಜಾರಿನಲ್ಲಿ ಹೋಗುವಾಗ ನರಳುವುದು, ಮತ್ತೆ ಮತ್ತೆ ಹೊಟ್ಟೆ ಉಬ್ಬುವುದು. ಗಂಗೆದೊಗಲು ಬಾತ ಮೇಲೆ ಉಳಿಸುವುದು ಬಹಳ ಕಷ್ಟ. ಮೊದಲ ಲಕ್ಷಣಕ್ಕೇ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಮುಂಜಾಗ್ರತೆಗೆ ಆಕಳಿಗೆ ನುಂಗಿಸುವ ಅಯಸ್ಕಾಂತವೂ ಇದೆ. ಅದು ಹೊಟ್ಟೆಯಲ್ಲೇ ಉಳಿದು ಕಬ್ಬಿಣದ ಚೂರು ಹಿಡಿದಿಡುತ್ತದೆ. ಇದನ್ನು ಪಶುವೈದ್ಯರಿಂದಲೇ ಹಾಕಿಸಿ.

ತಂತಿಯಷ್ಟೇ ಅಪಾಯ ಎಣ್ಣೆಯಲ್ಲೂ ಇದೆ. ಹಳೆಯ ಬ್ಯಾಟರಿಯಲ್ಲಿ ಸೀಸವಿದೆ, ಸುಟ್ಟ ಎಂಜಿನ್ ಆಯಿಲಿನಲ್ಲೂ ವಿಷದ ಲೋಹಗಳು ಇರಬಹುದು. ಕರುಗಳಿಗೆ ಇವನ್ನು ನೆಕ್ಕುವ ಚಟ. ಸೀಸದ ವಿಷವಾದರೆ ಕಣ್ಣು ಕಾಣದೆ ಗೋಡೆಗೆ ತಲೆ ಒತ್ತುತ್ತವೆ, ಹಲ್ಲು ಕಡಿಯುತ್ತವೆ, ಒದರಾಡಿ ಸಾಯುತ್ತವೆ. ಬದುಕಿದ ಆಕಳ ಹಾಲಿಗೂ ಸೀಸ ಇಳಿಯುತ್ತದೆ, ಆ ಹಾಲು ಮೊದಲು ಕುಡಿಯುವುದು ನಿಮ್ಮ ಮಕ್ಕಳು. ಹುಳು ಬಿದ್ದ ಗಾಯಕ್ಕೆ, ಉಣ್ಣೆಗೆ ಸುಟ್ಟ ಆಯಿಲ್ ಹಚ್ಚುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬಿಡಿ. ಗಾಯ ಮಾಯುವುದಿಲ್ಲ, ಆಕಳು ಅದನ್ನು ನೆಕ್ಕುತ್ತದೆ. ಗಾಯಕ್ಕೂ ಉಣ್ಣೆಗೂ ಸರಿಯಾದ ಔಷಧ ಆಸ್ಪತ್ರೆಯಲ್ಲಿ ಕೇಳಿ.

ಮನೆಯಲ್ಲಿ ಪಾಲಿಸಬೇಕಾದ ನಿಯಮಗಳು

• ಕೊಟ್ಟಿಗೆ, ಗೋದಲಿ, ಬಣವೆಯ ಹತ್ತಿರ ಬೈಕು ಬಿಚ್ಚಬೇಡಿ. ಅಂಗಳದ ಗಟ್ಟಿ ನೆಲದಲ್ಲಿ ಗೋಣಿಚೀಲ ಹಾಸಿ ಮಾಡಿ.
• ಬಿಚ್ಚಿದ್ದನ್ನೆಲ್ಲ ಒಂದು ತಾಟಿನಲ್ಲಿ ಇಡಿ. ಕೆಲಸ ಮುಗಿದ ಮೇಲೆ ಎಣಿಸಿ: ಹೊಸದು ಎಷ್ಟು ಹಾಕಿದರು, ಹಳೆಯದು ಅಷ್ಟು ತಾಟಿನಲ್ಲಿ ಇರಬೇಕು.
• ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ಆ ಜಾಗದಲ್ಲಿ ಎಳೆದಾಡಿ. ಕಣ್ಣಿಗೆ ಕಾಣದ ಎಳೆಗಳು ಅಂಟಿಕೊಂಡು ಬರುತ್ತವೆ.
• ಕೇಬಲನ್ನು ತುಂಡು ಮಾಡದೆ ಪೂರ್ತಿ ಎಳೆದು ತೆಗೆಯಿರಿ. ಸುರುಳಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಗುಜರಿಗೆ ಕೊಡಿ. ತಿಪ್ಪೆಗೆ ಎಸೆಯಬೇಡಿ, ತಿಪ್ಪೆ ಹೊಲಕ್ಕೆ ಹೋಗುತ್ತದೆ, ಹೊಲದಿಂದ ಮೇವಿನೊಡನೆ ಮತ್ತೆ ಗೋದಲಿಗೆ ಬರುತ್ತದೆ.
• ಸುಟ್ಟ ಆಯಿಲನ್ನು ಮೆಕ್ಯಾನಿಕ್ ಅಂಗಡಿಗೇ ಬಿಡಿ, ಬ್ಯಾಟರಿಯನ್ನು ಮಾರುವ ಅಂಗಡಿಗೆ ಹಿಂದಿರುಗಿಸಿ.
• ಆಯಿಲ್ ಮುಟ್ಟಿದ ಕೈಯಲ್ಲಿ ಹಾಲು ಕರೆಯಬೇಡಿ. ಆಯಿಲ್ ಡಬ್ಬಿಯಲ್ಲಿ ಹಾಲು, ಹಿಂಡಿ, ನೀರು ಯಾವುದೂ ಬೇಡ.
• ಆಕಳಿಗೆ ಗಬ್ಬದ ತಾರೀಖು ಬರೆದಿಡುವ ಪುಸ್ತಕದ ಕೊನೆಯ ಪುಟದಲ್ಲಿ ಚೈನ್, ಶೂ, ಕೇಬಲ್, ಆಯಿಲ್ ಬದಲಿಸಿದ ತಾರೀಖು ಮತ್ತು ಕಿಲೋಮೀಟರ್ ಬರೆಯಿರಿ.

ಆ ತೋಟದ ಮನೆಯ ತಾಯಿ ಈಗ ಬೇರೆ ಆಕಳು ಕಟ್ಟಿದ್ದಾರೆ. ಹೋದ ಸಲ ಹೋದಾಗ ಅವರ ಕೊಟ್ಟಿಗೆಯ ಕಂಬಕ್ಕೆ ಹಗ್ಗ ಕಟ್ಟಿದ ಅಯಸ್ಕಾಂತ ತೂಗುತ್ತಿತ್ತು. ಅದಕ್ಕೆ ಎರಡು ಮೊಳೆ, ಒಂದು ವಾಷರ್, ಒಂದು ಸಣ್ಣ ತಂತಿ ಅಂಟಿದ್ದವು. "ಇಷ್ಟು ಆಕಳ ಹೊಟ್ಟ್ಯಾಗ ಹೋಗೂದಿತ್ತಲ್ರಿ" ಅಂದರು. ಬರುವ ಅಮಾವಾಸ್ಯೆಗೆ ನಿಮ್ಮ ಕೊಟ್ಟಿಗೆಯಲ್ಲೂ ಒಮ್ಮೆ ಎಳೆದು ನೋಡಿ. ಏನು ಸಿಕ್ಕಿತು ಎಂದು ಮುಂದಿನ ಭೇಟಿಯಲ್ಲಿ ನನಗೆ ಹೇಳಿ.