ಹರ್ನಿಯಾ ಜಾಲರಿ: ಅಗ್ಗದ್ದೆಂದರೆ ಕಳಪೆಯೇ?

ಪ್ರಶ್ನೆ: ತಂದೆಗೆ 62 ವರ್ಷ, ಬೇಸಾಯಗಾರರು. ಬಲಗಡೆ ತೊಡೆಸಂದಿನಲ್ಲಿ ಗಡ್ಡೆಯಂತೆ ಉಬ್ಬಿಕೊಳ್ಳುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಹರ್ನಿಯಾ, ಜಾಲರಿ ಹಾಕಿ ಆಪರೇಷನ್ ಮಾಡಬೇಕು ಎಂದಿದ್ದಾರೆ. ಖರ್ಚಿಗೆ ಹೆದರಿ ತಂದೆ ಮುಂದೂಡುತ್ತಲೇ ಇದ್ದಾರೆ. ಸೊಳ್ಳೆಪರದೆಯ ಬಟ್ಟೆ ಹಾಕಿಯೂ ಆಪರೇಷನ್ ಮಾಡುತ್ತಾರಂತೆ. ಬಡವರೆಂದು ಕಳಪೆ ಮಾಲು ಹಾಕಿದಂತಾಗುವುದಿಲ್ಲವೇ?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನೀವು ಕೇಳಿದ್ದು ನಿಜ. ಕಳಪೆ ಎಂಬ ಅನುಮಾನವನ್ನು ಮಾತ್ರ ಬಿಡಿ.

ಜಾಲರಿ ಯಾಕೆ ಬೇಕು ಎಂಬುದನ್ನು ಮೊದಲು ಹೇಳುತ್ತೇನೆ. ಹೊಟ್ಟೆಯ ಗೋಡೆ ಸಡಿಲವಾದ ಕಡೆ ಕರುಳೋ ಕೊಬ್ಬೋ ಹೊರಗೆ ನುಸುಳುವುದೇ ಹರ್ನಿಯಾ. 1880ರ ದಶಕದಲ್ಲಿ ಇಟಲಿಯ ಪಾದುವಾದ ಎಡ್ವಾರ್ಡೊ ಬಸ್ಸೀನಿ ಅಕ್ಕಪಕ್ಕದ ಸ್ನಾಯುಗಳನ್ನು ಎಳೆದು ಹೊಲಿಯುವ ಕ್ರಮ ರೂಪಿಸಿದರು. ಅಲ್ಲಿಯವರೆಗಿನ ವಿಧಾನಗಳಿಗೆ ಹೋಲಿಸಿದರೆ ಅದು ದೊಡ್ಡ ಮುನ್ನಡೆ. ಆದರೆ ಎಳೆದು ಹೊಲಿದಲ್ಲಿ ಬಿಗಿತ ಉಳಿಯುತ್ತದೆ, ಕೆಲವರಿಗೆ ಹರ್ನಿಯಾ ಮರಳಿ ಬರುತ್ತದೆ. ಲಾಸ್ ಏಂಜಲೀಸ್‌ನ ಇರ್ವಿಂಗ್ ಲಿಕ್ಟನ್‌ಸ್ಟೈನ್ ಸ್ನಾಯುವನ್ನು ಎಳೆಯದೆ ಜಾಲರಿಯನ್ನು ಹಾಸಿ ಹೊಲಿದರು. ಅದರ ಕಣ್ಣುಗಳೊಳಗೆ ದೇಹದ ನಾರಂಗಾಂಶವೇ ಬೆಳೆದು ಗೋಡೆ ಗಟ್ಟಿಯಾಗುತ್ತದೆ. 1989ರಲ್ಲಿ ಅವರ ತಂಡ ಪ್ರಕಟಿಸಿದ ವರದಿಯ ನಂತರ ಈ ಪದ್ಧತಿ ಜಗತ್ತಿನೆಲ್ಲೆಡೆ ಹಬ್ಬಿತು. ಉಳಿದ ಅಡಚಣೆ ಒಂದೇ, ಜಾಲರಿಯ ಬೆಲೆ.

ಆ ಅಡಚಣೆಗೆ ದಾರಿ ಹುಡುಕಿದವರು ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾ ಎಂಬ ಸಣ್ಣ ಊರಿನ ಶಸ್ತ್ರವೈದ್ಯ ಡಾ. ರವೀಂದ್ರನಾಥ ಟೋಣಗಾಂವಕರ್. ಸೊಳ್ಳೆಪರದೆಯ ಬಟ್ಟೆಯೂ ದುಬಾರಿ ಜಾಲರಿಯಂತೆಯೇ ಪ್ಲಾಸ್ಟಿಕ್ ನೂಲಿನ ನೇಯ್ಗೆ ಎಂಬುದನ್ನು ಗಮನಿಸಿ, ಕ್ರಿಮಿಶುದ್ಧಗೊಳಿಸಿ ಬಳಸಿದರು. ತಾವೊಬ್ಬರೇ ಮಾಡಿ ಸುಮ್ಮನಾಗಲಿಲ್ಲ. ಬೇರೆ ಬೇರೆ ಊರುಗಳ ಶಸ್ತ್ರವೈದ್ಯರನ್ನೂ ಸೇರಿಸಿಕೊಂಡು, ಫಲಿತಾಂಶವನ್ನು 2003ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಸರ್ಜರಿ’ಯಲ್ಲಿ ಪ್ರಕಟಿಸಿದರು. ನನಗೆ ಬಹಳ ಮುಖ್ಯವೆನಿಸುವುದು ಇದೇ. ಲೆಕ್ಕವಿಟ್ಟು ಬರೆದದ್ದರಿಂದಲೇ ಅದನ್ನು ಬೇರೆಯವರು ಒರೆಗೆ ಹಚ್ಚಲು ಸಾಧ್ಯವಾಯಿತು. 2006ರಲ್ಲಿ ಬುರ್ಕಿನಾ ಫಾಸೊದಿಂದ ಹೋಲಿಕೆ ಅಧ್ಯಯನವೊಂದು ಬಂತು. 2016ರಲ್ಲಿ ಸ್ವೀಡನ್ ಮತ್ತು ಉಗಾಂಡಾದ ವೈದ್ಯರ ಪ್ರಯೋಗ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಉಗಾಂಡಾದ 302 ಗಂಡಸರಲ್ಲಿ ಯಾರಿಗೆ ಯಾವ ಜಾಲರಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರು. ತಮಗೆ ಹಾಕಿದ್ದು ಯಾವುದೆಂದು ರೋಗಿಗೂ ಗೊತ್ತಿರಲಿಲ್ಲ. ವರ್ಷದ ನಂತರ ನೋಡಿದರೆ ಅಗ್ಗದ ಜಾಲರಿಯವರಲ್ಲಿ ಒಬ್ಬರಿಗೆ ಹರ್ನಿಯಾ ಮರಳಿತ್ತು, ದುಬಾರಿ ಜಾಲರಿಯವರಲ್ಲಿ ಯಾರಿಗೂ ಇಲ್ಲ. ಗಣನೆಗೆ ಬರುವ ವ್ಯತ್ಯಾಸ ಅದಲ್ಲ. ತೊಡಕುಗಳೂ ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿದ್ದವು. ಹರ್ನಿಯಾ ಚಿಕಿತ್ಸೆಯ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಕೂಡ ಹಣದ ಅಡಚಣೆಯಿರುವ ಕಡೆ ಅಗ್ಗದ ಜಾಲರಿಯನ್ನು ಒಪ್ಪಿದೆ.

ಹಾಗೆಂದು ಅಂಗಡಿಯಿಂದ ಸೊಳ್ಳೆಪರದೆ ಕೊಂಡು ವೈದ್ಯರ ಕೈಗೆ ಕೊಡಬೇಡಿ. ಕೀಟನಾಶಕ ಲೇಪಿಸಿದ ಪರದೆ ದೇಹದೊಳಗೆ ಹೋಗಲೇಬಾರದು. ನೂಲು ಯಾವುದು, ಕಣ್ಣು ಎಷ್ಟು ದೊಡ್ಡದು, ಎಷ್ಟು ಶಾಖದಲ್ಲಿ ಶುದ್ಧಗೊಳಿಸಬೇಕು ಎಂಬುದೆಲ್ಲ ನಿರ್ಧಾರವಾಗಿರಬೇಕು. ಶಾಖ ಹೆಚ್ಚಾದರೆ ಕೆಲವು ನೂಲುಗಳು ಮುದುಡಿಹೋಗುತ್ತವೆ. ನೀವು ಕೇಳಬೇಕಾದದ್ದು ಇಷ್ಟು: “ಕಡಿಮೆ ಬೆಲೆಯ ಜಾಲರಿ ಇದೆಯೇ?” ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆಯಡಿ ಏನು ಸಿಗುತ್ತದೆಂದೂ ವಿಚಾರಿಸಿ. ಜಾಲರಿಯ ಬೆಲೆಗಿಂತ ಹೊಲಿಯುವ ಕೈಯ ಅನುಭವ ದೊಡ್ಡದು.

ಉಬ್ಬು ಒಳಗೆ ಹೋಗದೆ ಗಟ್ಟಿಯಾದರೆ, ನೋವು ಹೆಚ್ಚಿದರೆ, ವಾಂತಿಯಾದರೆ, ಮಲ ಅಥವಾ ವಾಯು ನಿಂತರೆ, ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸಿಕ್ಕಿಕೊಂಡ ಕರುಳಿಗೆ ರಕ್ತ ನಿಂತರೆ ಅದು ಕೊಳೆಯುತ್ತದೆ.

ಪ್ರಶ್ನೆ: ಹರ್ನಿಯಾ ಬೆಲ್ಟ್ ಕಟ್ಟಿಕೊಂಡರೆ ಸಾಲದೇ?
— ಓದುಗರೊಬ್ಬರು, ಶಿರಸಿ

ಉತ್ತರ: ಸಾಲದು. ಬೆಲ್ಟ್ ಉಬ್ಬನ್ನು ಒತ್ತಿ ಹಿಡಿಯುತ್ತದೆ, ರಂಧ್ರವನ್ನು ಮುಚ್ಚುವುದಿಲ್ಲ. ತೊಂದರೆಯೇ ಇಲ್ಲದ ಗಂಡಸರು ವೈದ್ಯರ ನಿಗಾದಲ್ಲಿ ಕೆಲಕಾಲ ಕಾಯಬಹುದು. ಹೆಂಗಸರು ಕಾಯದಿರುವುದೇ ಒಳ್ಳೆಯದು. ಅವರಲ್ಲಿ ಕರುಳು ಸಿಕ್ಕಿಕೊಳ್ಳುವ ಬಗೆಯ ಹರ್ನಿಯಾ ಹೆಚ್ಚು.