ತೆಳುವಾದದ್ದು ಎಲ್ಲಿಗೆ ಹೋಯಿತು?

ರೋಲಿಂಗ್ ಮಿಲ್ಲಿನಲ್ಲಿ ಕೆಲಸ ಎಂದ ಕೂಡಲೇ ನೆಂಟರು ಕೇಳುತ್ತಿದ್ದುದು ಬಿಸಿಯ ಬಗ್ಗೆ. ಬಿಸಿ ಇದೆ, ಇಲ್ಲವೆನ್ನುವುದಿಲ್ಲ. ಕುಲುಮೆಯಿಂದ ಹೊರಬರುವ ಉಕ್ಕಿನ ದಪ್ಪ ಹಲಗೆ, ಸ್ಲ್ಯಾಬು, ಸುಮಾರು 1200 ಡಿಗ್ರಿ ಇರುತ್ತದೆ. ಅದಕ್ಕೆ ಮೈ ಬೇಗ ಒಗ್ಗಿತು. ತಲೆ ಒಗ್ಗಲು ಹೊತ್ತು ಹಿಡಿದದ್ದು ಒಂದು ಸಣ್ಣ ಲೆಕ್ಕಕ್ಕೆ.

ಕಬ್ಬಿನ ಹಾಲು ತೆಗೆಯುವ ಯಂತ್ರವನ್ನು ಎಲ್ಲರೂ ನೋಡಿದ್ದೇವೆ. ಎದುರುಬದುರು ತಿರುಗುವ ಉರುಳೆಗಳು ಜಲ್ಲೆಯ ತುದಿ ಕಚ್ಚಿ ತಾವೇ ಒಳಗೆಳೆದುಕೊಳ್ಳುತ್ತವೆ. ಉಕ್ಕನ್ನೂ ರೋಲುಗಳು ಘರ್ಷಣೆಯಿಂದ ಹೀಗೇ ಎಳೆದುಕೊಳ್ಳುತ್ತವೆ. ತೀರಾ ದಪ್ಪ ಕೊಟ್ಟರೆ ಕಚ್ಚದೆ ಜಾರುತ್ತವೆ. ಹೋಲಿಕೆ ಅಲ್ಲಿಗೆ ಮುಗಿಯಿತು. ಕಬ್ಬಿನಿಂದ ರಸ ಬೇರೆಯಾಗಿ ಲೋಟಕ್ಕೆ ಬೀಳುತ್ತದೆ, ಉಕ್ಕಿನಿಂದ ಏನೂ ಬೇರೆಯಾಗುವುದಿಲ್ಲ. (ಮೇಲಿನ ಆಕ್ಸೈಡ್ ಪದರ, ಸ್ಕೇಲ್, ಉದುರುತ್ತದೆ, ಅದು ಅಲ್ಪ.) ಅಗಲವಾದ ಹಾಳೆ ಅಡ್ಡಕ್ಕೂ ಹೆಚ್ಚೇನೂ ಹರಡದು. ದಪ್ಪ ಕಳೆದದ್ದೆಲ್ಲ ಉದ್ದವಾಗಲೇಬೇಕು. 220 ಮಿ.ಮೀ. ದಪ್ಪ, 10 ಮೀಟರ್ ಉದ್ದದ ಸ್ಲ್ಯಾಬು 2 ಮಿ.ಮೀ. ಹಾಳೆಯಾಗುವಾಗ ಒಂದು ಕಿಲೋಮೀಟರ್ ದಾಟಿರುತ್ತದೆ.

ಫಿನಿಶಿಂಗ್ ಮಿಲ್ಲಿನಲ್ಲಿ ಆರೋ ಏಳೋ ಸ್ಟ್ಯಾಂಡುಗಳು, ಅಂದರೆ ರೋಲುಗಳನ್ನು ಕೂರಿಸಿದ ಚೌಕಟ್ಟುಗಳು, ಸಾಲಾಗಿರುತ್ತವೆ. ಒಂದೇ ಹಾಳೆ ಏಕಕಾಲಕ್ಕೆ ಎಲ್ಲದರೊಳಗೂ ಇರುತ್ತದೆ. 36 ಮಿ.ಮೀ. ಒಳಹೋಗಿ 2 ಮಿ.ಮೀ. ಹೊರಬಂದರೆ ಉದ್ದ 18 ಪಟ್ಟು. ಅಂದರೆ ಸೆಕೆಂಡಿಗೆ 60 ಸೆಂ.ಮೀ. ವೇಗದಲ್ಲಿ ಹೊಕ್ಕದ್ದು 10 ಮೀಟರಿಗೂ ಮಿಕ್ಕ ವೇಗದಲ್ಲಿ ಹೊರಬೀಳುತ್ತದೆ. ಪ್ರತಿ ಸ್ಟ್ಯಾಂಡಿನ ವೇಗವೂ ಈ ಲೆಕ್ಕಕ್ಕೆ ಕೂಡಬೇಕು. ಅಲ್ಪಸ್ವಲ್ಪ ಸಡಿಲವನ್ನು ನಡುವಿನ ಲೂಪರ್ ತೋಳು ಎತ್ತಿ ಹಿಡಿಯುತ್ತದೆ. ಅದನ್ನೂ ಮೀರಿದರೆ ಕಾಬಲ್: ಮುಂದಿನ ಸ್ಟ್ಯಾಂಡು ನುಂಗದ ಕೆಂಪು ಹಾಳೆ ಮಡಿಕೆ ಮಡಿಕೆಯಾಗಿ ಮೇಲೆದ್ದು ರಾಶಿ ಬೀಳುತ್ತದೆ. ಗ್ಯಾಸ್ ಕಟರ್ ಹಿಡಿದು ತುಂಡರಿಸಿ, ಕ್ರೇನಿನಲ್ಲಿ ಎತ್ತಿ ಹಾಕುವಷ್ಟರಲ್ಲಿ ಪಾಳಿಯೇ ಮುಗಿದದ್ದುಂಟು. ಹೊಸಬರು ಕಾಬಲ್ ಬಿದ್ದ ಜಾಗವನ್ನು ನೋಡುತ್ತಿದ್ದರು, ಹಳಬರು ಅದರ ಹಿಂದಿನ ಸ್ಟ್ಯಾಂಡಿನ ರೋಲುಗಳ ನಡುವಿನ ಗ್ಯಾಪನ್ನು. ಅಲ್ಲಿ ಹೆಚ್ಚು ಒತ್ತಿದ್ದರೆ ಇಲ್ಲಿ ಉದ್ದ ಮಿಕ್ಕುತ್ತದೆ.

ಈ ಲೆಕ್ಕದ ರುಚಿ ನನಗೆ ಪೂರ್ತಿ ಹತ್ತಿದ್ದು ರೋಲ್ ಮಾರ್ಕಿನಿಂದ. ರೋಲಿನ ಮೈಯಲ್ಲಿ ಒಂದು ಚೂರು ಎದ್ದರೆ ಸಾಕು, ಹಾಳೆಯ ಉದ್ದಕ್ಕೂ ಅದೇ ಗುರುತು ಮತ್ತೆ ಮತ್ತೆ ಬೀಳುತ್ತದೆ. ಇಷ್ಟೊಂದು ರೋಲುಗಳಲ್ಲಿ ಕಳ್ಳ ಯಾವುದು? ಎಲ್ಲವನ್ನೂ ಬಿಚ್ಚಿ ನೋಡಲು ಹೊರಟವರಿಗೆ ಹಿರಿಯ ಫೋರ್‌ಮನ್ ಒಬ್ಬರು, "ರೋಲ್ ಯಾಕೆ ಬಿಚ್ಚುಸ್ತೀರಿ ಸಾರ್, ಮೊದ್ಲು ಟೇಪ್ ಹಿಡೀರಿ" ಅಂದರು. 700 ಮಿ.ಮೀ. ವ್ಯಾಸದ ರೋಲಿನ ಸುತ್ತಳತೆ 2.2 ಮೀಟರ್. ಗುರುತುಗಳ ನಡುವೆ ಅಷ್ಟೇ ಅಂತರವಿದ್ದರೆ ತಪ್ಪು ಕೊನೆಯ ಸ್ಟ್ಯಾಂಡಿನದು. 2.75 ಮೀಟರ್ ಬಂತೇ? ಹಾಗಾದರೆ ಗುರುತು ಬಿದ್ದಾಗ ಹಾಳೆ 2.5 ಮಿ.ಮೀ. ಇತ್ತು, ಆಮೇಲೆ 2ಕ್ಕೆ ಇಳಿಯುತ್ತ ಗುರುತಿನ ಅಂತರವೂ ಹಿಗ್ಗಿತು. ಹಿಂದಿನ ಸ್ಟ್ಯಾಂಡಿಗೆ ಹೋಗಿ. ಪುಸ್ತಕದಲ್ಲಿ ಈ ಸೂತ್ರವನ್ನು ಓದಿಯೇ ಬಂದಿದ್ದೆ, ಆದರೆ ಟೇಪಿನ ತುದಿಯಲ್ಲಿ ಅದು ಕೊಡುವ ಖುಷಿಯೇ ಬೇರೆ.

ಅಂಚಿನ ಅಲೆಯದೂ ಇದೇ ಕಥೆ. ಒತ್ತಡಕ್ಕೆ ರೋಲು ಬಾಗಿ ಅಂಚನ್ನು ಹೆಚ್ಚು ಒತ್ತಿದರೆ ಅಂಚು ಉದ್ದ ಬೆಳೆಯುತ್ತದೆ, ನಡುಭಾಗ ಅದನ್ನು ಬಿಡುವುದಿಲ್ಲ, ಅಂಚು ಅಲೆ ಏಳುತ್ತದೆ. ಸಣ್ಣ ರೋಲಿಗೆ ಕಡಿಮೆ ಬಲ ಸಾಕು, ಆದರೆ ಅದು ಬೇಗ ಬಾಗುತ್ತದೆ. ಹಾಗಾಗಿಯೇ ಅದರ ಬೆನ್ನಿಗೆ ದಪ್ಪ ಬ್ಯಾಕಪ್ ರೋಲು. ಸ್ಟೇನ್‌ಲೆಸ್ ಉಕ್ಕನ್ನು ತಣ್ಣಗೆ ಉರುಳಿಸುವ ಸೆಂಡ್ಜಿಮಿರ್ ಮಿಲ್ಲಿನಲ್ಲಿ ಉರುಳಿಸುವ ರೋಲುಗಳೂ ಆಸರೆಯವೂ ಸೇರಿ ಲೆಕ್ಕ 20 ರೋಲುಗಳವರೆಗೂ ಹೋಗುತ್ತದೆ.

ಈಗ ಮನೆ ಕಟ್ಟಿಸುವವರು ಕಂಬಿಯ ಬಗ್ಗೆ ಕೇಳುತ್ತಾರೆ. ಪಕ್ಕೆಗಳಿರುವ ಕಂಬಿಗೆ ಕ್ಯಾಲಿಪರ್ ಹಿಡಿದು ಪ್ರಯೋಜನವಿಲ್ಲ, ತೂಗಿ ಎನ್ನುತ್ತೇನೆ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ, 12 ಮಿ.ಮೀ. ಕಂಬಿ 12 ಮೀಟರಿಗೆ ಸುಮಾರು 10.67 ಕಿಲೋ. ಈ ಅಳತೆಯ ಲಾಟಿನಲ್ಲಿ ಶೇ 5ರಷ್ಟು ಹೆಚ್ಚುಕಡಿಮೆಯನ್ನು ಭಾರತೀಯ ಮಾನಕ ಒಪ್ಪುತ್ತದೆ. ಕಂಬಿ ಉರುಳಿಸುವ ರೋಲಿನ ತೋಡು ಸವೆದಷ್ಟೂ ಕಂಬಿ ದಪ್ಪವಾಗುತ್ತದೆ. ತೂಕಕ್ಕೆ ಮಾರುವವನು ಅದನ್ನು ಗಮನಿಸದೆ ಇರಬಹುದು, ನಗಕ್ಕೆ ಮಾರುವವನು ಸಣಕಲು ಕಂಬಿಯನ್ನೇ ಹುಡುಕಿ ತರಬಹುದು. ಕಂತೆಯನ್ನು ತೂಗಿಸಿ, ಕಂಬಿಗಳನ್ನೂ ಎಣಿಸಿ, ಆಮೇಲೆ ದುಡ್ಡು ಕೊಡಿ.