ಈಜುಡುಗೆಯೂ ಕ್ಲೋರೀನೂ

ಈಜುಕೊಳದಲ್ಲಿ ಪ್ರತಿದಿನವೂ ಅಭ್ಯಾಸಮಾಡುವ ವಿದ್ಯಾರ್ಥಿಗಳಿಗೆ ಒಂದು ಅನುಭವ ತಪ್ಪಿದುದಲ್ಲ. ಕೊಂಡ ಹೊಸದರಲ್ಲಿ ಮೈಗೆ ಬಿಗಿಯಾಗಿ ಒಪ್ಪಿದ್ದ ಈಜುಡುಗೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಜೋಲುಬೀಳುತ್ತದೆ. ಬಣ್ಣ ಮಾಸುತ್ತದೆ, ಕುಳಿತುಕೊಳ್ಳುವ ಭಾಗದಲ್ಲಿ ಬಟ್ಟೆ ತೆಳುವಾಗಿ ಬೆಳಕು ತೂರುವಂತಾಗುತ್ತದೆ, ಹಿಗ್ಗಿಸಿ ಬಿಟ್ಟರೆ ಮೊದಲಿನಂತೆ ಥಟ್ಟನೆ ಹಿಂದಿರುಗುವುದಿಲ್ಲ. ಎರಡು ಹೊತ್ತೂ ಈಜುವ ಮಗುವಿರುವ ಮನೆಗೆ ಮತ್ತೆಮತ್ತೆ ಹೊಸ ಉಡುಗೆ ಕೊಳ್ಳುವ ಖರ್ಚು ಹೊರೆಯೇ ಸರಿ. ಎಷ್ಟೋ ಮಕ್ಕಳು ಸಡಿಲವಾದ ಉಡುಗೆಯ ಸಂಕೋಚದಿಂದಲೇ ಕೊಳಕ್ಕೆ ಇಳಿಯಲು ಹಿಂಜರಿಯುವುದೂ ಉಂಟು.

ಇದಕ್ಕೆ ಕಾರಣ ಕೊಳದ ನೀರಿಗೆ ಬೆರೆಸುವ ಕ್ಲೋರೀನು ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಅದು ಬಟ್ಟೆಯೊಳಗೆ ಹೊಕ್ಕು ಮಾಡುವ ಕೆಲಸವೇನು? ಒಂದು ಬಗೆಯ ಬಟ್ಟೆ ಬೇಗ ಕೆಟ್ಟು ಇನ್ನೊಂದು ಬಗೆಯದು ಬಹುಕಾಲ ಬಾಳುವುದೇಕೆ? ಇವನ್ನು ತಿಳಿದರೆ ಉಡುಗೆಯನ್ನು ಕಾಪಾಡುವ ಬಗೆ ತಾನಾಗಿಯೇ ಹೊಳೆಯುತ್ತದೆ. ಈ ಲೇಖನದಲ್ಲಿ ನಾವು ಆ ವಿಷಯವನ್ನು ವಿಚಾರಮಾಡೋಣ.

ಕ್ಲೋರೀನು ಬೇಕೇ ಬೇಕು

ಉಡುಗೆ ಕೆಡುವುದೆಂದು ಕ್ಲೋರೀನನ್ನು ದೂರುವ ಮೊದಲು ಅದರ ಉಪಕಾರವನ್ನು ನೆನೆಯಬೇಕು. ಅಮೆರಿಕದ ಜರ್ಸಿ ಸಿಟಿ ನಗರದ ಕುಡಿಯುವ ನೀರಿಗೆ ೧೯೦೮ರಲ್ಲಿ ನಿರಂತರವಾಗಿ ಕ್ಲೋರೀನು ಬೆರೆಸುವ ಪದ್ಧತಿ ಆರಂಭವಾಯಿತು. ಆ ಪದ್ಧತಿ ಲೋಕದಲ್ಲೆಲ್ಲ ಹರಡಿದ ಮೇಲೆ, ನೀರಿನಿಂದ ಬರುವ ವಿಷಮಶೀತಜ್ವರ, ಕಾಲರಾ ಮೊದಲಾದ ರೋಗಗಳನ್ನು ತಡೆಯಲು ಅದು ಬಲವಾದ ಸಾಧನವಾಯಿತು. ನೂರಾರು ಜನ ಒಂದೇ ನೀರಿನಲ್ಲಿ ಮುಳುಗಿ ಏಳುವ ಈಜುಕೊಳಕ್ಕಂತೂ ಇಂಥ ಕಾವಲು ಅತ್ಯಗತ್ಯ. ಸಾಮಾನ್ಯವಾಗಿ ಕೊಳದ ಒಂದು ಲೀಟರ್ ನೀರಿನಲ್ಲಿ ೧ರಿಂದ ೩ ಮಿಲಿಗ್ರಾಂ ಕ್ಲೋರೀನು ಇರುವಂತೆ ನೋಡಿಕೊಳ್ಳುತ್ತಾರೆ.

ಕ್ಲೋರೀನು ನೀರಿನೊಡನೆ ಸೇರಿದಾಗ ಹೈಪೋಕ್ಲೋರಸ್ ಆಮ್ಲ ಉಂಟಾಗುತ್ತದೆ. ಸೂಕ್ಷ್ಮಜೀವಿಗಳನ್ನು ಕೊಲ್ಲುವ ಮುಖ್ಯ ಶಕ್ತಿ ಇದರದೇ. ಈ ಆಮ್ಲದ ಒಂದು ಪಾಲು ನೀರಿನಲ್ಲಿ ಒಡೆದು ಅಯಾನುಗಳಾಗುತ್ತದೆ. ನೀರಿನ ಪಿಎಚ್ ಸುಮಾರು ೭.೫ ಆಗಿರುವಾಗ ಅರ್ಧದಷ್ಟು ಒಡೆಯದ ಅಣುಗಳಾಗಿಯೂ ಇನ್ನರ್ಧ ಅಯಾನುಗಳಾಗಿಯೂ ಇರುತ್ತದೆ. ಒಡೆಯದ ಅಣುವಿಗೆ ವಿದ್ಯುದಂಶವಿಲ್ಲವಾದುದರಿಂದ ಅದು ಸೂಕ್ಷ್ಮಜೀವಿಯ ಹೊರಕವಚವನ್ನು ಸುಲಭವಾಗಿ ದಾಟಿ ಒಳಹೊಗುತ್ತದೆ. ಅಲ್ಲಿರುವ ಪ್ರೋಟೀನುಗಳನ್ನು ಕೆಡಿಸುತ್ತದೆ. ಇದೇ ಅಣು ಬಟ್ಟೆಯ ಎಳೆಯೊಳಕ್ಕೂ ಹೊಗಬಲ್ಲುದು ಎಂಬುದನ್ನು ಮರೆಯಬಾರದು.

ಹಿಗ್ಗಿ ಹಿಂದಿರುಗುವ ಎಳೆ

ಇಂದಿನ ಈಜುಡುಗೆಗಳಲ್ಲಿ ಬಹುಪಾಲು ಎರಡು ಬಗೆಯ ಎಳೆಗಳ ಹೆಣಿಗೆಯಿಂದಾದವು. ನೂರಕ್ಕೆ ಸುಮಾರು ೮೦ ಪಾಲು ನೈಲಾನು ಇದ್ದರೆ, ಉಳಿದುದು ಸ್ಪ್ಯಾಂಡೆಕ್ಸ್ ಅಥವಾ ಇಲಾಸ್ಟೇನ್ ಎಂಬ ಹಿಗ್ಗುವ ಎಳೆ. ನೈಲಾನನ್ನು ೧೯೩೫ರಲ್ಲಿ ಅಮೆರಿಕದ ಡುಪಾಂಟ್ ಸಂಸ್ಥೆಯಲ್ಲಿ ವ್ಯಾಲೆಸ್ ಕರೋದರ್ಸ್ ಅವರು ತಯಾರಿಸಿದರು. ಹಿಗ್ಗುವ ಎಳೆಯನ್ನು ಅದೇ ಸಂಸ್ಥೆಯ ಜೋಸೆಫ್ ಶಿವರ್ಸ್ ಅವರು ೧೯೫೮ರಲ್ಲಿ ಕಂಡುಹಿಡಿದರು. ಲೈಕ್ರಾ ಎಂಬ ವ್ಯಾಪಾರನಾಮದಿಂದ ಅದು ಪ್ರಸಿದ್ಧವಾಯಿತು. ಮೂಲ ಉದ್ದದ ಐದರಷ್ಟು ಎಳೆದರೂ ತುಂಡಾಗದೆ ಹಿಂದಿರುಗುವುದು ಇದರ ವಿಶೇಷ ಗುಣ.

ಹೀಗೆ ಹಿಂದಿರುಗುವುದು ಹೇಗೆ? ಒಂದು ಸಣ್ಣ ಪ್ರಯೋಗವನ್ನು ವಿದ್ಯಾರ್ಥಿಗಳು ಈಗಲೇ ಮಾಡಿ ನೋಡಬಹುದು. ಅಗಲವಾದ ರಬ್ಬರ್ ಬ್ಯಾಂಡೊಂದನ್ನು ಥಟ್ಟನೆ ಎಳೆದು ತುಟಿಗೆ ಮುಟ್ಟಿಸಿದರೆ ಬೆಚ್ಚಗೆನ್ನಿಸುತ್ತದೆ. ಹಾಗೆಯೇ ಸ್ವಲ್ಪ ಹೊತ್ತು ಎಳೆದು ಹಿಡಿದಿದ್ದು, ಬಳಿಕ ಸಡಿಲಬಿಟ್ಟು ಮುಟ್ಟಿಸಿದರೆ ತಣ್ಣಗೆನ್ನಿಸುತ್ತದೆ. ಈ ಸಂಗತಿಯನ್ನು ೧೮೦೫ರಲ್ಲಿಯೇ ಪ್ರಕಟಿಸಿದವರು ಇಂಗ್ಲೆಂಡಿನ ಜಾನ್ ಗಫ್ ಎಂಬ ಅಂಧ ವಿದ್ವಾಂಸರು. ಮುಂದೆ ೧೮೫೯ರಲ್ಲಿ ಜೂಲ್ ಅವರು ಇದನ್ನು ಸೂಕ್ಷ್ಮವಾಗಿ ಅಳೆದರು.

ಇದರ ಅರ್ಥವಿಷ್ಟು: ರಬ್ಬರಿನ ಅಣುಗಳು ಬಹು ಉದ್ದವಾದ ಸರಪಣಿಗಳು. ಶಾಖದ ಚಲನೆಯಿಂದ ಅವು ಸದಾ ಅತ್ತಿತ್ತ ಕುಲುಕಾಡುತ್ತ ಸಿಕ್ಕುಸಿಕ್ಕಾಗಿ ಮುದುಡಿರುತ್ತವೆ. ನಾವು ಎಳೆದಾಗ ಅವು ನೇರವಾಗುತ್ತವೆ. ಬಿಟ್ಟೊಡನೆ ಅದೇ ಕುಲುಕಾಟ ಅವನ್ನು ಮತ್ತೆ ಮುದುಡಿಸುತ್ತದೆ. ಉಕ್ಕಿನ ಸ್ಪ್ರಿಂಗಿನಲ್ಲಿ ಪರಮಾಣುಗಳ ನಡುವಣ ಆಕರ್ಷಣೆ ಮಾಡುವ ಕೆಲಸವನ್ನು ಇಲ್ಲಿ ಅಣುಗಳ ಅಸ್ತವ್ಯಸ್ತ ಚಲನೆ ಮಾಡುತ್ತದೆ. ಆದರೆ ಸರಪಣಿಗಳು ಒಂದರ ಮೇಲೊಂದು ಜಾರಿಹೋಗದಂತೆ ಅಲ್ಲಲ್ಲಿ ಗಂಟು ಹಾಕಿರಬೇಕು. ಸ್ಪ್ಯಾಂಡೆಕ್ಸಿನ ಪ್ರತಿಯೊಂದು ಸರಪಣಿಯಲ್ಲಿಯೂ ಮುದುಡುವ ಮೆತ್ತನೆಯ ಭಾಗಗಳೂ, ಅಕ್ಕಪಕ್ಕದ ಸರಪಣಿಗಳನ್ನು ಹಿಡಿದುಕೊಳ್ಳುವ ಗಡುಸಾದ ಭಾಗಗಳೂ ಸರದಿಯಂತೆ ಬರುತ್ತವೆ. ಗಡುಸು ಭಾಗಗಳೇ ಗಂಟುಗಳು. ಗಂಟು ಗಟ್ಟಿಯಾಗಿರುವವರೆಗೆ ಉಡುಗೆ ಬಿಗಿಯಾಗಿರುತ್ತದೆ.

ಕ್ಲೋರೀನು ಕಚ್ಚುವ ಸ್ಥಾನ

ಈಗ ಕ್ಲೋರೀನಿನ ಕಾರ್ಯವನ್ನು ನೋಡೋಣ. ಪ್ರೋಟೀನಿನ ಸರಪಣಿಯಲ್ಲಿ ಕೊಂಡಿಯಿಂದ ಕೊಂಡಿಗೆ ಬೆಸುಗೆಯಾಗಿರುವುದು ಅಮೈಡ್ ಬಂಧ. ಅದರಲ್ಲಿ ಸಾರಜನಕದ ಪರಮಾಣುವಿಗೆ ಜಲಜನಕದ ಒಂದು ಪರಮಾಣು ಅಂಟಿಕೊಂಡಿರುತ್ತದೆ. ನೈಲಾನಿನ ಕೊಂಡಿಗಳನ್ನು ಕೂಡಿಸಿರುವುದೂ ಇದೇ ಅಮೈಡ್ ಬಂಧವೇ! ಸ್ಪ್ಯಾಂಡೆಕ್ಸಿನ ಗಡುಸು ಭಾಗಗಳಲ್ಲಿಯೂ ಸಾರಜನಕ–ಜಲಜನಕದ ಇಂಥ ಜೋಡಿಗಳೇ ಇವೆ. ಹೈಪೋಕ್ಲೋರಸ್ ಆಮ್ಲ ಆ ಜಲಜನಕವನ್ನು ಕಿತ್ತು ಅದರ ಸ್ಥಾನದಲ್ಲಿ ಕ್ಲೋರೀನನ್ನು ಕೂರಿಸುತ್ತದೆ. ಹಾಗಾದ ಬಂಧ ದುರ್ಬಲವಾದುದು. ಕಾಲಕ್ರಮದಲ್ಲಿ ಸರಪಣಿ ಅಲ್ಲಿಯೇ ತುಂಡಾಗುತ್ತದೆ. ಮೆತ್ತನೆಯ ಭಾಗವೂ ಉತ್ಕರ್ಷಣದಿಂದ ಮೆಲ್ಲಮೆಲ್ಲನೆ ಸವೆಯುತ್ತದೆ. ಜೀವಾಣುವಿನ ಪ್ರೋಟೀನು ಯಾವುದು, ಈಜುಗಾರನ ನೈಲಾನು ಯಾವುದು ಎಂಬ ಭೇದ ಕ್ಲೋರೀನಿಗೆ ತಿಳಿಯದು. ನಮ್ಮನ್ನು ಕಾಯುವ ಗುಣವೇ ನಮ್ಮ ಉಡುಗೆಯನ್ನು ಕೆಡಿಸುವ ಗುಣವೂ ಆಗಿದೆ.

ಹಾಗಾದರೆ ಉಡುಗೆಯನ್ನು ಉಳಿಸುವುದು ಸಾಧ್ಯವೆ? ಸಾಧ್ಯ. ಕ್ಲೋರೀನಿನ ಪರಿಣಾಮವನ್ನು ಅಂದಾಜುಮಾಡಲು ಎರಡು ಅಂಶಗಳನ್ನು ಗುಣಿಸಬೇಕು. ಒಂದು, ಲೀಟರಿಗೆ ಎಷ್ಟು ಮಿಲಿಗ್ರಾಂ ಕ್ಲೋರೀನು ಎಂಬ ಸಾರತೆ. ಇನ್ನೊಂದು, ಅದು ತಗುಲಿಕೊಂಡಿರುವ ಕಾಲ. ನೀರನ್ನು ಶುದ್ಧಿಮಾಡುವ ತಜ್ಞರು ಈ ಗುಣಲಬ್ಧವನ್ನೇ ಅನುಸರಿಸುತ್ತಾರೆ. ಬಹುಪಾಲು ಬ್ಯಾಕ್ಟೀರಿಯಗಳು ಕೆಲವೇ ನಿಮಿಷಗಳಲ್ಲಿ ಸಾಯುತ್ತವೆ. ಬಟ್ಟೆ ಕೆಡಲು ನೂರಾರು ಗಂಟೆಗಳು ಬೇಕು. ಸಾರತೆಯನ್ನು ತಗ್ಗಿಸುವ ಅಧಿಕಾರ ನಮಗಿಲ್ಲ, ತಗ್ಗಿಸಲೂ ಕೂಡದು. ಆದರೆ ಕಾಲವನ್ನು ತಗ್ಗಿಸುವುದು ನಮ್ಮ ಕೈಯಲ್ಲಿದೆ.

ಜಾಲಾಡಿಸುವುದರ ಲೆಕ್ಕ

ವಾರಕ್ಕೆ ೬ ದಿನ, ದಿನಕ್ಕೆ ಒಂದೂವರೆ ಗಂಟೆ ಈಜುವವರ ಉಡುಗೆ ವರ್ಷದ ೫೦ ವಾರಗಳಲ್ಲಿ ೪೫೦ ಗಂಟೆ ಕೊಳದಲ್ಲಿರುತ್ತದೆ. ಈಜಿದ ಮೇಲೆ ಅದನ್ನು ಒದ್ದೆಯಾಗಿಯೇ ಚೀಲಕ್ಕೆ ತುರುಕಿ ಪ್ರತಿಸಲವೂ ೮ ಗಂಟೆ ಮರೆತರೆ, ಚೀಲದಲ್ಲಿ ಕಳೆಯುವ ಕಾಲ ೨,೪೦೦ ಗಂಟೆ! ಚೀಲದೊಳಗೆ ಹೊಸ ಕ್ಲೋರೀನು ಒದಗುವುದಿಲ್ಲ, ಇದ್ದುದು ಬರಬರುತ್ತ ಕಡಮೆಯಾಗುತ್ತದೆ ಎಂಬುದು ನಿಜ. ಆದರೆ ಹಾಗೆ ಕಡಮೆಯಾಗುವುದರಲ್ಲಿ ಒಂದು ಪಾಲು ಬಟ್ಟೆಯೊಡನೆ ವರ್ತಿಸಿಯೇ ವ್ಯಯವಾಗುತ್ತದೆ. ಅದರ ಜೊತೆಗೆ ಬೆವರು, ಎಣ್ಣೆ, ಬೂಷ್ಟು ಇವುಗಳ ಕಾಟವೂ ಸೇರುತ್ತದೆ.

ಆದುದರಿಂದ ಕೊಳದಿಂದ ಹೊರಬಂದೊಡನೆ ಉಡುಗೆಯನ್ನು ಶುದ್ಧವಾದ ನೀರಿನಲ್ಲಿ ಜಾಲಾಡಿಸಬೇಕು. ಎಷ್ಟು ನೀರು ಬೇಕು? ಮೆಲ್ಲಗೆ ಒತ್ತಿದ ಮೇಲೆಯೂ ಉಡುಗೆಯಲ್ಲಿ ೧೦೦ ಮಿಲಿಲೀಟರ್ ನೀರು ಉಳಿದಿದೆಯೆಂದೂ ಜಾಲಾಡಿಸಲು ೧,೮೦೦ ಮಿಲಿಲೀಟರ್ ನೀರಿದೆಯೆಂದೂ ಭಾವಿಸೋಣ. ಅಷ್ಟನ್ನೂ ಒಂದೇ ಸಲ ಬಳಸಿದರೆ ಹಳೆಯ ನೀರಿನ ೧೯ರಲ್ಲಿ ಒಂದು ಪಾಲು ಬಟ್ಟೆಯಲ್ಲಿ ಉಳಿಯುತ್ತದೆ. ಅದನ್ನೇ ೯೦೦ರಂತೆ ಎರಡು ಸಲ ಬಳಸಿ, ನಡುವೆ ಒಮ್ಮೆ ಒತ್ತಿ ತೆಗೆದರೆ, ಮೊದಲನೆಯ ಸಲ ಹತ್ತರಲ್ಲೊಂದು, ಎರಡನೆಯ ಸಲ ಅದರಲ್ಲಿಯೂ ಹತ್ತರಲ್ಲೊಂದು, ಎಂದರೆ ಒಟ್ಟು ನೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ನೀರು ಅಷ್ಟೇ, ಲಾಭ ಐದು ಪಟ್ಟು. ಅಕ್ಕಿಯನ್ನು ಒಂದೇ ಸಲ ತುಂಬ ನೀರಿನಲ್ಲಿ ತೊಳೆಯದೆ ಸ್ವಲ್ಪ ಸ್ವಲ್ಪ ನೀರಿನಲ್ಲಿ ಎರಡು ಮೂರು ಸಲ ತೊಳೆಯುವ ನಮ್ಮ ಗೃಹಿಣಿಯರು ಈ ಗಣಿತವನ್ನು ಹಿಂದಿನಿಂದಲೂ ಬಲ್ಲರು.

ನಲ್ಲಿಯ ನೀರಿನಲ್ಲಿಯೂ ಕ್ಲೋರೀನು ಇರುವುದಲ್ಲವೆ ಎಂದು ಕೇಳಬಹುದು. ಇರುತ್ತದೆ, ಭಾರತದ ಕುಡಿಯುವ ನೀರಿನ ಮಾನಕದಂತೆ ಲೀಟರಿಗೆ ಕನಿಷ್ಠ ೦.೨ ಮಿಲಿಗ್ರಾಂ ಇರಬೇಕು. ಆದರೂ ಅದು ಕೊಳದ ನೀರಿನಲ್ಲಿರುವುದಕ್ಕಿಂತ ಬಹಳ ಕಡಮೆ. ಅದನ್ನೂ ನಿವಾರಿಸಬೇಕೆಂದರೆ ಸಿ ಜೀವಸತ್ವ, ಎಂದರೆ ಆಸ್ಕಾರ್ಬಿಕ್ ಆಮ್ಲ, ಒದಗುತ್ತದೆ. ಒಂದು ಮಿಲಿಗ್ರಾಂ ಕ್ಲೋರೀನನ್ನು ಕಳೆಯಲು ಅದು ಸುಮಾರು ಎರಡೂವರೆ ಮಿಲಿಗ್ರಾಂ ಸಾಕು. ಬಕೆಟ್ಟಿಗೆ ಒಂದು ಚಿಟಿಕೆ ಹಾಕಿ ಉಡುಗೆಯನ್ನು ಅದ್ದಿ, ಬಳಿಕ ಬರಿಯ ನೀರಿನಲ್ಲಿ ತೊಳೆಯಬಹುದು.

ಅನುಸರಿಸತಕ್ಕ ಕ್ರಮಗಳು

ಕೊಳಕ್ಕೆ ಇಳಿಯುವ ಮೊದಲು ಸ್ನಾನಮಾಡಬೇಕು. ಒಣ ಬಟ್ಟೆ ಕೊಳದ ನೀರನ್ನು ಒಮ್ಮೆಗೇ ಹೀರುತ್ತದೆ. ಶುದ್ಧ ನೀರಿನಲ್ಲಿ ನೆಂದ ಬಟ್ಟೆಯೊಳಕ್ಕೆ ಅದು ತುಸು ತಡವಾಗಿ ಸೇರುತ್ತದೆ. ಈ ಲಾಭ ಕೆಲವು ನಿಮಿಷಗಳದು ಮಾತ್ರ. ಸ್ನಾನದ ದೊಡ್ಡ ಪ್ರಯೋಜನ ಬೇರೆಯೇ ಇದೆ. ಬೆವರಿನಲ್ಲಿಯೂ ಮೂತ್ರದಲ್ಲಿಯೂ ಇರುವ ಸಾರಜನಕದ ವಸ್ತುಗಳೊಡನೆ ಕ್ಲೋರೀನು ಕೂಡಿ ಕ್ಲೋರಮೀನುಗಳಾಗುತ್ತವೆ. ಮೂಗಿಗೆ ಘಾಟು ಹೊಡೆಯುವುದು, ಕಣ್ಣು ಉರಿಯುವುದು ಇವುಗಳಿಂದಲೇ. ಹೀಗೆ ವ್ಯಯವಾದ ಕ್ಲೋರೀನನ್ನು ತುಂಬಲು ಕೊಳದವರು ಮತ್ತಷ್ಟು ಕ್ಲೋರೀನು ಸುರಿಯಬೇಕಾಗುತ್ತದೆ. ಒಬ್ಬನ ಶುಚಿತ್ವದಿಂದ ಎಲ್ಲರ ಕಣ್ಣಿಗೂ ಎಲ್ಲರ ಉಡುಗೆಗೂ ಹಿತವುಂಟು.

ಬಿಸಿನೀರಿನ ತೊಟ್ಟಿಗೆ ಒಳ್ಳೆಯ ಈಜುಡುಗೆಯನ್ನು ತೊಟ್ಟು ಹೋಗಬಾರದು. ಉಷ್ಣತೆ ೧೦ ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುವುದೆಂಬ ಸ್ಥೂಲ ನಿಯಮವುಂಟು. ಸ್ಪರ್ಧೆಯ ಕೊಳಗಳ ನೀರು ೨೫ರಿಂದ ೨೮ ಡಿಗ್ರಿ ಸೆಲ್ಸಿಯಸ್ ಇದ್ದರೆ, ಬಿಸಿನೀರಿನ ತೊಟ್ಟಿಯದು ೪೦ ಡಿಗ್ರಿಯವರೆಗೂ ಇರಬಹುದು. ಇದೇ ಕಾರಣದಿಂದ ಉಡುಗೆಯನ್ನು ಬಿಸಿನೀರಿನಲ್ಲಿ ಒಗೆಯಬಾರದು, ಇಸ್ತ್ರಿ ಮಾಡಬಾರದು. ತಣ್ಣೀರಿನಲ್ಲಿ ಸೌಮ್ಯವಾದ ಸಾಬೂನಿನಿಂದ ಕೈಯಲ್ಲಿಯೇ ತೊಳೆಯಬೇಕು. ಹಿಂಡಿ ತಿರುಚಿದರೆ ಈಗಾಗಲೇ ಬಲಗುಂದಿದ ಎಳೆಗಳು ಹರಿಯುತ್ತವೆ. ಟವೆಲಿನಲ್ಲಿ ಸುತ್ತಿ ಒತ್ತುವುದು ಲೇಸು. ಬಿಸಿಲಿನ ನೇರಳಾತೀತ ಕಿರಣಗಳು ಬಣ್ಣಕ್ಕೂ ಎಳೆಗೂ ಹಾನಿಕರವಾದುದರಿಂದ ಗಾಳಿಯಾಡುವ ನೆರಳಿನಲ್ಲಿ ಹರಡಿ ಒಣಗಿಸಬೇಕು. ಎರಡು ಉಡುಗೆಗಳನ್ನು ಸರದಿಯಂತೆ ಬಳಸಿದರೆ ಪ್ರತಿಯೊಂದಕ್ಕೂ ಪೂರ್ತಿ ಒಣಗಲು ಅವಕಾಶ ದೊರೆಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಕೊಳ್ಳುವಾಗಲೇ ಮಾಡಬೇಕಾದ ಆಯ್ಕೆ. ನಿತ್ಯದ ಅಭ್ಯಾಸಕ್ಕೆ ಪಾಲಿಯೆಸ್ಟರಿನ ಉಡುಗೆ ಉತ್ತಮ. ೧೯೪೧ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಅವರು ಕಂಡುಹಿಡಿದ ಈ ಎಳೆಯ ಸರಪಣಿಯಲ್ಲಿ ಸಾರಜನಕವೇ ಇಲ್ಲ. ಇರುವುದು ಎಸ್ಟರ್ ಬಂಧ. ಕ್ಲೋರೀನಿಗೆ ಕಚ್ಚಲು ಸ್ಥಾನವೇ ಇಲ್ಲದಂತಾಯಿತು! ಆದರೆ ಸಾಮಾನ್ಯ ಪಾಲಿಯೆಸ್ಟರ್ ಹಿಗ್ಗುವುದು ಕಡಮೆ. ಅದಕ್ಕಾಗಿ ಪಿಬಿಟಿ ಎಂಬ ಅದರ ದಾಯಾದಿ ಎಳೆಯನ್ನು ಸುರುಳಿಸುರುಳಿಯಾಗಿ ಮಾಡಿ ಜೊತೆಗೆ ಹೆಣೆಯುತ್ತಾರೆ. ಸ್ಪ್ಯಾಂಡೆಕ್ಸಿನಷ್ಟು ಹಿಗ್ಗದಿದ್ದರೂ ಅಭ್ಯಾಸಕ್ಕೆ ಅದು ಸಾಕು. ಉಡುಗೆಯ ಒಳಗಿನ ಚೀಟಿಯನ್ನು ಓದಿದರೆ ಯಾವ ಎಳೆ ನೂರಕ್ಕೆ ಎಷ್ಟು ಪಾಲು ಇದೆಯೆಂಬುದು ತಿಳಿಯುತ್ತದೆ. ಬೆಂಗಳೂರಿನ ಬಸವನಗುಡಿಯಂಥ ಕಡೆಗಳಲ್ಲಿ ಸ್ಪರ್ಧೆಗೆಂದು ದಿನವೂ ಅಭ್ಯಾಸಮಾಡುವ ಮಕ್ಕಳು ಸ್ಪ್ಯಾಂಡೆಕ್ಸಿನ ಬಿಗಿಯುಡುಗೆಯನ್ನು ಸ್ಪರ್ಧೆಯ ದಿನಕ್ಕೆ ಮೀಸಲಿಟ್ಟು, ಉಳಿದ ದಿನಗಳಲ್ಲಿ ಪಾಲಿಯೆಸ್ಟರ್ ಉಡುವುದು ವಿವೇಕ.

ಒಂದು ಪ್ರಯೋಗ

ಮೇಲೆ ಹೇಳಿದುದನ್ನೆಲ್ಲ ವಿದ್ಯಾರ್ಥಿಗಳು ಸುಮ್ಮನೆ ನಂಬಬೇಕಾಗಿಲ್ಲ. ಬಳಕೆ ಬಿಟ್ಟ ಸ್ಪ್ಯಾಂಡೆಕ್ಸ್ ಉಡುಗೆಯೊಂದರ ಹೆಚ್ಚು ಸವೆಯದ ಭಾಗದಿಂದ, ಒಂದೇ ದಿಕ್ಕಿನಲ್ಲಿ, ೧೫ ಸೆಂಟಿಮೀಟರ್ ಉದ್ದ ೨ ಸೆಂಟಿಮೀಟರ್ ಅಗಲದ ಮೂರು ಪಟ್ಟಿಗಳನ್ನು ಕತ್ತರಿಸಬೇಕು. ಪ್ರತಿಯೊಂದರ ಮೇಲೂ ೧೦ ಸೆಂಟಿಮೀಟರ್ ಅಂತರದಲ್ಲಿ ಎರಡು ಗೆರೆ ಎಳೆಯಬೇಕು. ಒಂದು ಪಟ್ಟಿಯನ್ನು ಬಾವಿಯ ನೀರಿನಲ್ಲಿಯೂ, ಎರಡನೆಯದನ್ನು ದಿನವೂ ಬದಲಾಯಿಸುವ ಕೊಳದ ನೀರಿನಲ್ಲಿಯೂ ಮುಳುಗಿಸಿ ಮುಚ್ಚಿಡಬೇಕು. ಮೂರನೆಯದನ್ನು ದಿನಕ್ಕೆ ಒಂದು ಗಂಟೆ ಕೊಳದ ನೀರಿನಲ್ಲಿಟ್ಟು, ಎರಡು ಸಲ ಜಾಲಾಡಿಸಿ ಒಣಗಿಸಬೇಕು. ವಾರಕ್ಕೊಮ್ಮೆ ಮೂರನ್ನೂ ಒಣಗಿಸಿ, ಒಂದೊಂದಕ್ಕೂ ೨೦೦ ಗ್ರಾಂ ತೂಕ ತೂಗುಹಾಕಿ ಗೆರೆಗಳ ಅಂತರವನ್ನು ಅಳೆಯಬೇಕು. ತೂಕ ತೆಗೆದು ೧೦ ನಿಮಿಷದ ಮೇಲೆ ಮತ್ತೆ ಅಳೆದು, ಹಿಂದಿರುಗದೆ ಉಳಿದ ಹಿಗ್ಗು ಎಷ್ಟೆಂಬುದನ್ನು ಗುರುತಿಸಬೇಕು. ಈ ಉಳಿಕೆಯನ್ನು ವಾರಗಳಿಗೆದುರಾಗಿ ನಕ್ಷೆಯಲ್ಲಿ ಬಿಡಿಸಿದರೆ ಮೂರು ಪಟ್ಟಿಗಳ ಚರಿತ್ರೆ ಕಣ್ಣಿಗೆ ಕಟ್ಟುತ್ತದೆ. ಬೇಗ ಫಲ ಕಾಣುವ ಆತುರದಿಂದ ಬ್ಲೀಚಿಂಗ್ ಪುಡಿಯ ಗಟ್ಟಿ ದ್ರಾವಣವನ್ನು ಬಳಸಬಾರದು. ಅದಕ್ಕೆ ಆಮ್ಲವನ್ನಂತೂ ಎಂದಿಗೂ ಬೆರೆಸಕೂಡದು, ವಿಷಾನಿಲ ಹೊರಡುತ್ತದೆ.

ಈ ವಿಚಾರದಿಂದ ತಿಳಿದುಬರುವುದಿಷ್ಟು. ಕ್ಲೋರೀನು ಶತ್ರುವಲ್ಲ, ಯಾರನ್ನು ಬಿಡಬೇಕು, ಯಾರನ್ನು ಹಿಡಿಯಬೇಕು ಎಂದರಿಯದ ಕಾವಲುಗಾರ. ಅವನ ಕೈಗೆ ಸಿಕ್ಕದ ಎಳೆಯನ್ನು ಆರಿಸಿಕೊಳ್ಳುವುದು, ಸಿಕ್ಕುವ ಎಳೆಯನ್ನು ಬೇಗನೆ ಬಿಡಿಸಿಕೊಳ್ಳುವುದು ನಮ್ಮ ಕೆಲಸ. ಎರಡು ಸಲದ ಜಾಲಾಟಕ್ಕೆ ಐದು ನಿಮಿಷವೂ ಬೇಡ. ಅಷ್ಟು ಶ್ರಮಪಟ್ಟರೆ ಉಡುಗೆಯ ಆಯಸ್ಸು ಬೆಳೆಯುತ್ತದೆ, ಮನೆಯ ಹಣ ಉಳಿಯುತ್ತದೆ. ಈಜುವ ಮಗು ಸಂಕೋಚವಿಲ್ಲದೆ ಮರುದಿನವೂ ನೀರಿಗೆ ಇಳಿಯುತ್ತದೆ.